ಐದರಲ್ಲಿ ಒಂದು ಗುಲಾಬಿ

"ಯಾರ ಹೆಸರಲ್ಲಿ ಕೋಣೆ?" ತಲೆ ಎತ್ತದೆಯೇ ಕೇಳಿದ ಯಾಸೆನ್.

"ನಿನ್ನ ಪಾಲಿಗೆ ಸತ್ತುಹೋದಳಲ್ಲ, ಅವಳ ಹೆಸರಲ್ಲಿ."

ಅವನ ಕೈಯಲ್ಲಿದ್ದ ಪೆನ್ನು ನಿಂತಿತು. ಎದುರಿಗೆ ರಾಲಿತ್ಸಾ. ಏಳು ವರ್ಷವಾದರೂ ಅದೇ ಕಣ್ಣು. ಒಳಗಿನ ನಗು ಮಾತ್ರ ಇರಲಿಲ್ಲ. ಅವಳ ಹಿಂದೆ ಪೆಟ್ಟಿಗೆ ಹಿಡಿದ ಅಪ್ಪ ಮಿಂಚೋ, ಕೋಲೂರಿಕೊಂಡ ಅಜ್ಜಿ ತ್ಸೋನಾ.

"ರಾಲಿ... ನೀನು ಇಲ್ಲಿ?"

"ಮೇಡಂ ಅನ್ನಿ. ದುಡ್ಡು ಕೊಟ್ಟು ಬಂದಿದ್ದೀವಿ."

ವೆಲಿನ್‌ಗ್ರಾದ್‌ನ ಬಿಸಿನೀರ ಬುಗ್ಗೆಯ ಪಕ್ಕದ ಆ ದುಬಾರಿ ಹೋಟೆಲಿಗೆ ಅವನು ಮ್ಯಾನೇಜರ್ ಎಂದು ತಿಳಿದೇ ಅವಳು ಬಂದಿದ್ದಳು. ಮೂರನೆಯ ದಿನ ಹೋಟೆಲಿನ ಒಡತಿ ದೋಬ್ರೆವಾ ಬಂದು ಅತಿಥಿಗಳನ್ನು ಮಾತಾಡಿಸುತ್ತಾಳೆ. ಅಷ್ಟರಲ್ಲಿ ತಪ್ಪುಗಳನ್ನು ಹೆಕ್ಕಿ ದೂರು ಬರೆಯಬೇಕು. ಅವನ ಕೆಲಸ ಹೋಗಬೇಕು. 'ಎಲ್ಲರ ಎದುರು ತಲೆ ತಗ್ಗಿಸಿ ನಿಲ್ಲೋದು ಹೇಗಿರುತ್ತೆ ಅಂತ ಅವನಿಗೂ ಗೊತ್ತಾಗಲಿ...'

ಏಳು ವರ್ಷದ ಹಿಂದೆ, ಕೆಲಸಕ್ಕೆಂದು ಸಮುದ್ರದ ಊರಿಗೆ ಹೊರಟಾಗ ಅವನು ಹೇಳಿದ್ದ, "ಹೂವು ಕಳಿಸ್ತೀನಿ. ಬಂತು ಅಂದರೆ ನಿನ್ನನ್ನೇ ಮದುವೆ ಆಗ್ತೀನಿ ಅಂತ ತಿಳಕೋ."

ಹೂವು ಬಂತು. ಅಜ್ಜಿ ಅದನ್ನು ನೀರಿನ ಲೋಟದಲ್ಲಿ ಇಟ್ಟಿದ್ದಳು. ರಾಲಿತ್ಸಾ ಓಡಿಬಂದು ಎಣಿಸಿದಳು. ನಾಲ್ಕು.

ಅವರ ನಾಡಿನಲ್ಲಿ ಬದುಕಿದ್ದವರಿಗೆ ಮೂರೋ ಐದೋ ಹೂವು ಕೊಡುತ್ತಾರೆ. ಎರಡು, ನಾಲ್ಕು ಗೋರಿಗೆ. ಇದು ಮಕ್ಕಳಿಗೂ ಗೊತ್ತು. ಊರವರ ಮುಂದೆ ಅವಳ ತಲೆ ತಗ್ಗಿತು. ಅಂದಿನಿಂದ ಅವಳು ಅವನ ಫೋನು ಎತ್ತಲಿಲ್ಲ. ಅವನೇ ಮನೆ ಬಾಗಿಲಿಗೆ ಬಂದು ಕರೆದಾಗಲೂ ಚಿಲಕ ತೆಗೆಯಲಿಲ್ಲ.

ಎರಡು ದಿನ ಹುಡುಕಿದರೂ ಹೋಟೆಲಿನಲ್ಲಿ ತಪ್ಪು ಸಿಗಲಿಲ್ಲ. ಬೆಳಗಿನ ತಿಂಡಿಗೆ ಚೀಸ್ ತುಂಬಿದ ಬಾನಿತ್ಸಾ ಬಿಸಿಬಿಸಿ, ಮೊಸರು ಗಟ್ಟಿ.

"ಒಂದು ಕಾಫಿಗೆ ಇಷ್ಟಾ? ನಮ್ಮೂರಲ್ಲಿ ಈ ದುಡ್ಡಿಗೆ ಒಂದು ಮೊಲ ಬರುತ್ತೆ," ಎಂದ ಮಿಂಚೋ.

"ಹಾಗೇ ಬರೀಲಾ ಅಪ್ಪಾ?"

"ಬೇಡ ಕಣೇ. ಬೆಲೆ ಕೇಳಿದರೆ ನಿದ್ದೆ ಹಾರುತ್ತೆ, ಆ ಹಾಸಿಗೆ ಮುಟ್ಟಿದರೆ ಮತ್ತೆ ಬರುತ್ತೆ."

ಮೂರನೆಯ ಬೆಳಿಗ್ಗೆ ಕೋಣೆಯ ಹೂದಾನಿ ನೋಡಿ ಅವಳ ಮೈಯೆಲ್ಲ ಉರಿಯಿತು. ನಾಲ್ಕು ಗುಲಾಬಿ.

'ಮತ್ತೆ... ಇನ್ನೊಂದು ಸಲ...'

ಹೂದಾನಿ ಎತ್ತಿಕೊಂಡು ಕೆಳಗಿಳಿದಳು. ಒಡತಿ ದೋಬ್ರೆವಾ ಯಾಸೆನ್‌ನ ಪಕ್ಕದಲ್ಲೇ ಇದ್ದಳು. ರಾಲಿತ್ಸಾ ಹೂದಾನಿಯನ್ನು ಅವರ ಮುಂದೆ ಕುಕ್ಕಿದಳು.

"ನಿಮ್ಮ ಮ್ಯಾನೇಜರು ಬದುಕಿರೋರ ಕೋಣೆಗೆ ಗೋರಿ ಹೂವು ಇಡ್ತಾರೆ. ಎಣಿಸಿ ನೋಡಿ."

ದೋಬ್ರೆವಾಳ ಮುಖ ಕಪ್ಪಿಟ್ಟಿತು. "ಏನಯ್ಯಾ ಇದು?"

"ನಾನೇ ಇಟ್ಟಿದ್ದು. ಐದು ಇಟ್ಟಿದ್ದೆ," ಎಂದ ಯಾಸೆನ್. ಮತ್ತೆ ಏನೋ ಹೊಳೆದು, ಮೆಲ್ಲಗೆ, "ಆವತ್ತು ಕಳಿಸಿದ್ದೂ ಐದೇ, ರಾಲಿ."

"ಸುಳ್ಳು. ಆವತ್ತೂ ನಾಲ್ಕು, ಇವತ್ತೂ ನಾಲ್ಕು."

ಅಷ್ಟರಲ್ಲಿ ಕೋಲಿನ ಸದ್ದು. ಅಜ್ಜಿಯ ಕೈಯಲ್ಲಿ ತೀರಿಕೊಂಡ ತಾತನ ಫೋಟೋ. ಅದಕ್ಕೆ ದಾರದಿಂದ ಕಟ್ಟಿದ ಎರಡು ಗುಲಾಬಿ.

"ಯಾಕೇ ಕಿರುಚಾಡ್ತೀಯ? ಒಂದು ನಾನೇ ತೆಗೊಂಡೆ. ಊಟದ ಮೇಜಿನ ಮೇಲೆ ಒಂದು ಸಿಕ್ಕಿತ್ತು. ನಿಮ್ಮ ತಾತನಿಗೆ ಜೋಡಿ ಬೇಡವೇ?"

ರಾಲಿತ್ಸಾ ಅಜ್ಜಿಯತ್ತ ತಿರುಗಿದಳು. "ಅಜ್ಜಿ... ಆವತ್ತು ಮನೆಗೆ ಬಂದಿತ್ತಲ್ಲ, ಅದರಲ್ಲೂ...?"

"ತೆಗೊಂಡಿದ್ದೆ ಅನ್ಸುತ್ತೆ. ಹಿತ್ತಲಲ್ಲಿ ಒಂದೇ ಅರಳಿತ್ತು ಕಣೇ. ನಿನ್ನದರಲ್ಲಿ ಎಷ್ಟು ಉಳೀತು ಅಂತ ನಾನೆಲ್ಲಿ ನೋಡಿದೆ?"

ಏಳು ವರ್ಷ ಸಾಕಿದ ಸೇಡು ನಿಂತಲ್ಲೇ ಕುಸಿಯಿತು. ದೂರಿಗೆಂದು ಜೇಬಿನಲ್ಲಿಟ್ಟಿದ್ದ ಖಾಲಿ ಹಾಳೆಯನ್ನು ಅವಳು ಮುದುಡಿದಳು.

"ಮೇಡಂ, ತಪ್ಪು ನಮ್ಮ ಮನೇದೇ," ಎಂದಳು ದೋಬ್ರೆವಾಳಿಗೆ. ಒಡತಿ ಇಬ್ಬರ ಮುಖವನ್ನೂ ನೋಡಿ, ಅಜ್ಜಿಯನ್ನು ಕಾಫಿಗೆ ಕರೆದುಕೊಂಡು ಹೋದಳು.

"ಬಾಗಿಲಲ್ಲಿ ಮೂರು ಗಂಟೆ ನಿಂತಿದ್ದೆ," ಎಂದ ಯಾಸೆನ್. "ಅದರ ದೂರು ಯಾರಿಗೆ ಕೊಡಲಿ?"

"ನನಗೇ ಕೊಡು... ದಿನಾ ಕೊಡು. ಜೀವ ಇರೋವರೆಗೂ ಕೇಳ್ತೀನಿ."

ಅವನು ಪಕ್ಕದ ದೊಡ್ಡ ಹೂದಾನಿಯಿಂದ ಒಂದು ಗುಲಾಬಿ ತೆಗೆದು ಅವಳ ನಾಲ್ಕರ ಜೊತೆ ಸೇರಿಸಿದ.

"ಅಲ್ಲಿ ಎಷ್ಟು ಉಳೀತು, ನೋಡಿದೆಯಾ?" ಕಣ್ಣೊರೆಸಿಕೊಂಡು ಕೇಳಿದಳು.

ಅವನು ಎಣಿಸಿದ. "ಆರು..."

"ಹಾಗಾದರೆ ಇನ್ನೊಂದು ತೆಗಿ. ಅದನ್ನ ನಿನ್ನ ಕೋಟಿಗೆ ನಾನು ಸಿಕ್ಕಿಸ್ತೀನಿ."