ತಾಯಿಕೋಳಿಗಳ ಶೆಡ್ಡು

ಆ ಬೆಳಗ್ಗೆ ಮೋಡ ಕವಿದಿತ್ತು, ಮಳೆ ಮಾತ್ರ ಇನ್ನೂ ಮನಸ್ಸು ಮಾಡಿರಲಿಲ್ಲ. ಒಂದೆಲೆಯೂ ಅಲ್ಲಾಡದ ಸೆಕೆ. ಇಂಥ ದಿನ ದೇವರೂ ಗಲ್ಲಕ್ಕೆ ಕೈಹಚ್ಚಿ ಏನೋ ಯೋಚಿಸುತ್ತ ಕೂತಿರುತ್ತಾನೆ ಎನ್ನಿಸುತ್ತದೆ. ಠಾಣೆಯ ಫ್ಯಾನು ಕೆಟ್ಟು ವಾರವಾಗಿತ್ತು. ಇನ್ಸ್‌ಪೆಕ್ಟರ್ ಕತ್ತಿನ ಗುಂಡಿ ಬಿಚ್ಚಿ, ಇವತ್ತೊಂದು ದಿನ ಯಾರೂ ಬಾರದಿದ್ದರೆ ಸಾಕಪ್ಪಾ ಎಂದುಕೊಳ್ಳುವಷ್ಟರಲ್ಲಿ ಒಬ್ಬ ಅಜ್ಜಿ ಬಂದು ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಸತ್ತ ಕೋಳಿಮರಿಗಳು.

"ಏನಮ್ಮಾ ಇದು? ಇದು ಠಾಣೆ."

"ಗೊತ್ತು ಸ್ವಾಮಿ, ಬೋರ್ಡು ಓದಿಯೇ ಬಂದೆ. ಈ ಮರಿಗಳ್ನ ಮಡಿಲಲ್ಲಿ ಹಾಕ್ಕೊಂಡು ಆಡಿದ ಮೊಮ್ಮಗಳು ಆಸ್ಪತ್ರೇಲಿದಾಳೆ. ಜ್ವರ ಇಳೀತಾನೇ ಇಲ್ಲ. ರೋಗ ಇಲ್ಲದ ಮರಿ ಅಂತ ಪೆಟ್ಟಿಗೆ ಮೇಲೆ ಬರೆದು ಕೊಟ್ಟಿದಾರೆ ನೋಡಿ ಆ ಹ್ಯಾಚರಿಯವರು!"

ಠಾಣೆಯಲ್ಲಿ ಎಲ್ಲರೂ 'ಮೀಸೆ' ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಪೆಟ್ಟಿಗೆಯೊಳಗೆ ಇಣುಕಿದ. "ಸಾಕ್ಷಿಗಳೆಲ್ಲ ತೀರಿಕೊಂಡಿದ್ದಾರೆ ಸಾರ್."

"ನೀನು ಬಾಯಿ ಮುಚ್ಚು. ಮುಟ್ಟಬೇಡ ಅದನ್ನ."

ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಫೋನು ಮಾಡಿದರು. ಡಾಕ್ಟರ್ ಅವಸರದಲ್ಲಿದ್ದರು. ಮಗುವಿನ ರಕ್ತದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಕ್ಕಿದೆ. ಕೊಡುತ್ತಿರುವ ಔಷಧಿ ನಾಟುತ್ತಿಲ್ಲ. "ಆ ಕೋಳಿಗಳಿಗೆ ಯಾರೋ ಆ್ಯಂಟಿಬಯಾಟಿಕ್ ಕುಡಿಸಿರಬೇಕು ಇನ್ಸ್‌ಪೆಕ್ಟ್ರೇ. ರೋಗಾಣು ಅದಕ್ಕೆ ಪಳಗಿಬಿಟ್ಟಿದೆ. ಯಾವುದು ಅಂತ ಗೊತ್ತಾದ್ರೆ ಬೇರೆ ಕೊಡ್ತೀನಿ. ಲ್ಯಾಬಿನ ಉತ್ತರ ಬರೋವರೆಗೆ ಕಾಯೋ ಶಕ್ತಿ ಈ ಮಗೂಗಿಲ್ಲ."

ಬೆಳಗ್ಗೆ ಹತ್ತೂವರೆಗೆ FIR ದಾಖಲಾಯಿತು. ಜೀಪು ಹೊರಟಿತು.

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಆ ಹ್ಯಾಚರಿಗೆ ಮೊಟ್ಟೆ ಕೊಡುವ ಫಾರಮ್ಮೂ ಅದರ ಪಕ್ಕದಲ್ಲೇ, ಅದೇ ಮಾಲೀಕನದು. ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಸ್ನಾನ ಮಾಡ್ಬೇಕು ಸಾರ್."

"ಯಾರು?"

"ನೀವೇ. ತಲೆಗೂ ಸೇರಿ. ಆಮೇಲೆ ನಮ್ಮ ಬಟ್ಟೆ ಹಾಕ್ಕೋಬೇಕು."

ಗೇಟಿನ ಕೋಣೆಯಲ್ಲಿ ಕೂತಿದ್ದ ಮಾಲೀಕ ಎದ್ದು ಬಂದು ವಿವರಿಸಿದ. ಹೊರಗಿನ ಚಪ್ಪಲಿಯ ಧೂಳಿನಲ್ಲಿ, ತಲೆಗೂದಲಲ್ಲಿ ರೋಗ ಒಳಗೆ ಹೋಗುತ್ತದೆ. ತಾಯಿಕೋಳಿಗೆ ತಗುಲಿದರೆ ಮೊಟ್ಟೆಯ ಜೊತೆಗೇ ಹ್ಯಾಚರಿಗೂ ಬಂದು, ಹುಟ್ಟುವ ಮರಿಗೆಲ್ಲ ಹರಡುತ್ತದೆ. ಹಾಗೆ ತಗುಲಿತೆಂದು ಲ್ಯಾಬ್ ಹೇಳಿದರೆ ಇಡೀ ಶೆಡ್ಡಿನ ಕೋಳಿಗಳನ್ನು ಕೊಂದು ಹೂಳಬೇಕು. ಅದೇ ಕಾನೂನು.

ಅರ್ಧ ಗಂಟೆಯ ನಂತರ ಇನ್ಸ್‌ಪೆಕ್ಟರ್ ಬಚ್ಚಲಿನಿಂದ ಹೊರಬಂದಾಗ ಭುಜದ ಮೇಲೆ ನಕ್ಷತ್ರಗಳಿರಲಿಲ್ಲ. ಹೊಟ್ಟೆಯ ಹತ್ತಿರ ಬಿಗಿಯುವ ನೀಲಿ ಅಂಗಿ ಮಾತ್ರ. ಮೀಸೆಯ ಮೀಸೆ ಒದ್ದೆಯಾಗಿ ಜೋಲುಬಿದ್ದಿತ್ತು. ಆ ವೇಷದಲ್ಲಿ ಗದರಿಸಿದರೆ ಯಾರು ಹೆದರುತ್ತಾರೆ?

ಹೆದರಲಿಲ್ಲ. ಮಾಲೀಕ ಅಜ್ಜಿಯ ಮನೆಯ ನೀರನ್ನು ದೂರಿದ. ಮರಿ ಸಾಗಿಸುವ ಡ್ರೈವರ್ ಹ್ಯಾಚರಿಯನ್ನು ದೂರಿದ. ಹ್ಯಾಚರಿಯವನು ಮೇವನ್ನು, ಮೇವಿನವನು ಇಲಿಗಳನ್ನು. ಇಲಿಗಳು ಸಿಕ್ಕಿದ್ದರೆ ಅವೂ ಇನ್ನೊಬ್ಬರನ್ನು ತೋರಿಸುತ್ತಿದ್ದವೇನೋ. ಔಷಧಿ ಕೊಟ್ಟವರು ಯಾರೆಂದರೆ ಒಬ್ಬನೂ ಬಾಯಿ ಬಿಡಲಿಲ್ಲ.

ಒಳಗೆ ಎರಡು ಶೆಡ್ಡು. ಒಂದರಲ್ಲಿ ಎಳೆಯ ಕೋಳಿಗಳು. ನೆಲದ ಭತ್ತದ ಹೊಟ್ಟು ಇನ್ಸ್‌ಪೆಕ್ಟರ ಚಪ್ಪಲಿಯೊಳಗೆ ಸೇರಿ ಚುಚ್ಚಿತು. ಇನ್ನೊಂದರಲ್ಲಿ ಮೊಟ್ಟೆಯಿಡುವ ತಾಯಿಕೋಳಿಗಳು. ಅಲ್ಲಿ ನೆಲಕ್ಕೆಲ್ಲ ಮರದ ಪುಡಿ, ಹತ್ತು ಸೀನು ಬಂತು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಸ್ನಾನ.

"ಸಾರ್, ನನ್ನ ಮದುವೆ ದಿನಾನೂ ನನ್ನ ಇಷ್ಟು ತೊಳೆದಿರ್ಲಿಲ್ಲ," ಎಂದ ಮೀಸೆ ನಡುಗುತ್ತ.

ತಾಯಿಕೋಳಿಗಳ ನಡುವೆ ಒಬ್ಬ ಹೆಂಗಸು ಮೊಟ್ಟೆ ಆರಿಸುತ್ತಿದ್ದಳು. ಎಲ್ಲರ ಬಾಯಲ್ಲೂ ಕೋಳಿಯಕ್ಕ. ಅವಳು ನಡೆದತ್ತ ಕೋಳಿಗಳು ಗಾಬರಿಯಿಲ್ಲದೆ ದಾರಿ ಬಿಟ್ಟವು. ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಇಟ್ಟರೆ ಅರ್ಧ ಶೆಡ್ಡು ಹಾರಿ ಗೋಡೆಗೆ ಒತ್ತಿಕೊಂಡಿತು.

"ಮೆಲ್ಲಗೆ ಸಾರ್. ಹೆದರಿದ್ರೆ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯ್ತವೆ."

ಫಾರಮ್ಮಿನ ಪಶುವೈದ್ಯ ಗೇಟಿನಾಚೆಯ ಕುರ್ಚಿಯಲ್ಲಿ ಗರಿಗರಿ ಇಸ್ತ್ರಿ ಅಂಗಿಯಲ್ಲಿ ಕೂತಿದ್ದ.

"ತಿಂಗಳು ತಿಂಗಳು ಪರೀಕ್ಷೆ ಆಗುತ್ತೆ ಸಾರ್. ಬೂಟಿನ ಮೇಲೆ ಬಟ್ಟೆಯ ಚೀಲ ಹಾಕ್ಕೊಂಡು ತಾಯಿಕೋಳಿ ಶೆಡ್ಡಲ್ಲಿ ಉದ್ದಕ್ಕೂ ನಡೀತಾರೆ. ನೆಲದ ಕಸ ಮೆತ್ತಿಕೊಳ್ಳುತ್ತೆ, ಆ ಚೀಲಾನ ಲ್ಯಾಬಿಗೆ ಕಳಿಸ್ತೀವಿ. ಈ ವರ್ಷ ಪ್ರತಿ ಸಲಾನೂ ರೋಗ ಇಲ್ಲ ಅಂತಾನೇ ಬಂದಿದೆ."

"ನಡೆಯೋದು ಯಾರು?"

"ಅದು... ಕೋಳಿಯಕ್ಕ."

"ನಿಮ್ಮ ಕೆಲಸ ಅಲ್ವಾ?"

"ಪ್ರತಿ ಸಲ ಸ್ನಾನ ಮಾಡ್ಬೇಕಲ್ಲ ಸಾರ್. ನನಗೆ ಬೇಗ ಶೀತ ಆಗುತ್ತೆ."

"ಔಷಧಿ ಕಪಾಟು ಎಲ್ಲಿದೆ?"

"ಒಳಗಿದೆ. ಬೀಗ ಇದೆ ಸಾರ್."

"ಬೀಗದ ಕೈ?"

ಅದೂ ಒಳಗೇ ಇತ್ತು, ಕೋಳಿಯಕ್ಕನ ಹತ್ತಿರ.

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ರೋಗ ಒಳಗೆ ಹೋಗಬಾರದೆಂದು ಕಟ್ಟಿದ ಬಚ್ಚಲು, ಹೋಗಬೇಕಾದವರನ್ನೆಲ್ಲ ಹೊರಗೇ ಕೂರಿಸಿತ್ತು. ಮಾಲೀಕನೂ ಶೆಡ್ಡಿನ ಮುಖ ನೋಡಿ ತಿಂಗಳುಗಳಾಗಿದ್ದವು.

ಅಲ್ಲಿಂದ ನೇರ ಲ್ಯಾಬಿಗೆ. ಹಿಂದಿನ ತಿಂಗಳ ಚೀಲಗಳ ಒಂದು ಭಾಗವನ್ನು ಅಲ್ಲಿ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಇಬ್ಬರು ಪಂಚರ ಮುಂದೆ ಅದನ್ನು ಬಿಚ್ಚಿಸಿದರು. ಚೀಟಿಯ ಮೇಲೆ 'ತಾಯಿಕೋಳಿ ಶೆಡ್ಡು' ಎಂದು ದುಂಡಗೆ ಬರೆದಿತ್ತು. ಇನ್ಸ್‌ಪೆಕ್ಟರ್ ಚೀಲವನ್ನು ಬೆಳಕಿಗೆ ಹಿಡಿದರು. ನೇಯ್ಗೆಯೊಳಗೆ ಸಿಕ್ಕಿಕೊಂಡಿದ್ದವು ಹಳದಿ ಚೂರುಗಳು.

"ಮೀಸೆ, ಏನಿದು?"

"ಭತ್ತದ ಹೊಟ್ಟು ಸಾರ್. ನನ್ನ ಕಾಲ್ಬೆರಳ ಸಂದೀಲಿ ಇನ್ನೂ ಇದೆ."

"ತಾಯಿಕೋಳಿ ಶೆಡ್ಡಲ್ಲಿ ಇತ್ತಾ?"

ಅಲ್ಲಿದ್ದದ್ದು ಬರೀ ಮರದ ಪುಡಿ. ಈ ಚೀಲ ತೊಟ್ಟವರು ಎಳೆಯ ಕೋಳಿಗಳ ಶೆಡ್ಡಿನಲ್ಲಿ ನಡೆದಿದ್ದರು. ಪಂಚನಾಮೆ ಬರೆದು ಸಹಿ ಮಾಡಿಸಿದರು.

ಮತ್ತೆ ಫಾರಂ. ಮತ್ತೆ ಬಚ್ಚಲು. ಈ ಸಲ ಇನ್ಸ್‌ಪೆಕ್ಟರ್ ಪಶುವೈದ್ಯನ ರಟ್ಟೆ ಹಿಡಿದು, "ಶೀತ ಆದ್ರೆ ಮಾತ್ರೆ ನಾನು ಕೊಡಿಸ್ತೀನಿ," ಎಂದು ನೀರಿನ ಕೆಳಗೆ ನಿಲ್ಲಿಸಿದರು. ಒಬ್ಬ ಮಹಿಳಾ ಪೇದೆಯೂ ಜೊತೆಗೆ ಬಂದಿದ್ದಳು.

ಕೋಳಿಯಕ್ಕ ಮೊಟ್ಟೆ ಕೋಣೆಯಲ್ಲಿದ್ದಳು.

"ಚೀಲ ಹಾಕ್ಕೊಂಡು ಯಾವ ಶೆಡ್ಡಲ್ಲಿ ನಡೆದ್ರಿ?"

"ಇದರಲ್ಲೇ."

"ಹಂಗಾದ್ರೆ ಹೊಟ್ಟು ಎಲ್ಲಿಂದ ಬಂತು?"

ಅವಳು ಕೈಲಿದ್ದ ಮೊಟ್ಟೆಯನ್ನು ಒರೆಸುತ್ತಲೇ ಇದ್ದಳು.

"ಔಷಧಿ ಯಾವುದು?"

"ಗೊತ್ತಿಲ್ಲ."

"ಕುಡಿಸಿದ್ದು ನೀವಲ್ವಾ?"

"ಗೊತ್ತಿಲ್ಲ ಅಂದ್ನಲ್ಲ ಸಾರ್."

ಇನ್ಸ್‌ಪೆಕ್ಟರಿಗೆ ರೇಗಿಹೋಯಿತು. "ಅಲ್ಲಿ ನಾಲ್ಕು ವರ್ಷದ ಮಗು ಸಾಯ್ತಾ ಬಿದ್ದಿದೆ ಕಣಮ್ಮಾ! ನಿಮ್ಮ ಮರೀನ ಮಡಿಲಲ್ಲಿ ಇಟ್ಕೊಂಡಿದ್ದಕ್ಕೆ!"

ಮೊಟ್ಟೆ ಒರೆಸುವ ಕೈ ನಿಂತಿತು.

"ಮಗೂನಾ? ಮರಿ ಸತ್ತಿವೆ ಅಂತಷ್ಟೇ ಅಂದ್ರು ನನಗೆ. ಮಗು ವಿಷಯ ಯಾರೂ ಹೇಳ್ಲಿಲ್ಲ ಸಾರ್..."

ಅವಳು ಅಲ್ಲೇ ಟ್ರೇ ಪಕ್ಕ ಕೂತಳು. ಆಮೇಲೆ ಕೇಳಬೇಕಾಗಿಯೇ ಬರಲಿಲ್ಲ.

ಎರಡು ವರ್ಷದ ಹಿಂದೆ ಇದೇ ಶೆಡ್ಡಿಗೆ ರೋಗ ಬಂದಿತ್ತು. ಆಗ ಚೀಲ ತೊಟ್ಟು ಪ್ರಾಮಾಣಿಕವಾಗಿ ನಡೆದವಳೂ ಅವಳೇ. ಉತ್ತರ ಬಂದ ಮರುದಿನ ಕೋಳಿಗಳನ್ನು ಕೊಲ್ಲಲು ಅಪರಿಚಿತರು ಬಂದರು, ಕೋಳಿಗಳು ಬೆದರಿ ಮೂಲೆಗೆ ನುಗ್ಗಿದವು. ನಿನ್ನ ಮಾತು ಕೇಳ್ತವೆ, ಸಮಾಧಾನ ಮಾಡು ಎಂದು ಅವಳನ್ನೇ ಒಳಗೆ ಕಳಿಸಿದರು. ಅವಳು ಕರೆದಳು. ಅವು ನಂಬಿ ಸುಮ್ಮನಾದವು. ಹೊರಗೆ ಬಂದು ಬಾಗಿಲು ಹಾಕಿಕೊಂಡವಳಿಗೆ ಆ ಮೌನ ಇಂದಿಗೂ ನಿದ್ದೆಗೆ ಅಡ್ಡ. ಈ ಸಲ ಪಕ್ಕದ ಹ್ಯಾಚರಿಯ ಮರಿಗಳು ಸೊರಗುವುದನ್ನು ಕಂಡಾಗಲೇ ಅವಳಿಗೆ ಅನುಮಾನ ಹುಟ್ಟಿತ್ತು. ತಾಯಿಕೋಳಿಗಳಿಗೆ ಔಷಧಿ ಕುಡಿಸಿದರೆ ವಾಸಿಯಾದೀತು, ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದರೆ ಸಾಕು ಎಂದುಕೊಂಡು, ಚೀಲ ತೊಟ್ಟು ರೋಗವಿಲ್ಲದ ಎಳೆಯ ಕೋಳಿಗಳ ಶೆಡ್ಡಿನಲ್ಲಿ ನಡೆದಳು. ವಾಸಿಯಾಗಲಿಲ್ಲ. ರೋಗ ಅಡಗಿ ಕೂತು ಮೊಟ್ಟೆಗಳ ಜೊತೆ ಊರು ಸೇರಿತು.

ಪಶುವೈದ್ಯ ತಲೆಯಿಂದ ನೀರಿಳಿಸುತ್ತ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಸಂಜೆ ಐದಕ್ಕೆ ಕೋಳಿಯಕ್ಕನ ಬಂಧನವೆಂದು ಮಹಿಳಾ ಪೇದೆ ಬರೆದುಕೊಂಡಳು. ಪಶುವೈದ್ಯನ ಮೇಲೂ ಮಾಲೀಕನ ಮೇಲೂ ನಿರ್ಲಕ್ಷ್ಯದ ಆರೋಪ ಸೇರಿತು. ಹ್ಯಾಚರಿಯಿಂದ ಒಂದು ಮರಿಯೂ ಹೊರಗೆ ಹೋಗದಂತೆ ಬೀಗ ಹಾಕಿಸಲು ಮೀಸೆ ಓಡಿದ.

"ಔಷಧಿ ಹೆಸರು ಹೇಳಿ," ಎಂದರು ಇನ್ಸ್‌ಪೆಕ್ಟರ್. ದನಿ ತಗ್ಗಿತ್ತು. ಫೋನಿನಲ್ಲಿ ಡಾಕ್ಟರ್ ಕಾಯುತ್ತಿದ್ದರು.

"ಇಂಗ್ಲಿಷ್ ಬರಲ್ಲ ಸಾರ್."

ಕೋಳಿಯಕ್ಕ ಎದ್ದು, ಟ್ರೇಗಳ ಹಿಂದೆ ಕೈಚಾಚಿ, ಬಾಯಿ ಮಡಚಿದ್ದ ಪೊಟ್ಟಣವೊಂದನ್ನು ತೆಗೆದಳು. ಎರಡೂ ಕೈಯಲ್ಲಿ ಹಿಡಿದು ಪಶುವೈದ್ಯನ ಮುಂದೆ ಚಾಚಿದಳು. "ನಿಮ್ಮ ಕಪಾಟಿಂದು ಸಾರ್. ಕೇಳದೆ ತಗೊಂಡಿದ್ದೆ. ಉಳಿದಿದ್ದು ಇಷ್ಟು."

ಅವನು ಅದನ್ನು ಇಸಿದುಕೊಂಡು, ಮೇಲಿದ್ದ ಹೆಸರನ್ನು ಫೋನಿಗೆ ಓದಿ ಹೇಳಿದ.

"ನಾವು ಕೊಡ್ತಾ ಇರೋದೂ ಅದನ್ನೇ," ಎಂದರು ಡಾಕ್ಟರ್. "ಈಗಲೇ ಬದಲಾಯಿಸ್ತೀನಿ. ಇನ್ನೂ ಹೊತ್ತು ಮೀರಿಲ್ಲ."