ಮೂರನೆಯ ಲೋಟ

ಪ್ರತಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ನಂದೀಶ ತನ್ನಪ್ಪ ಸತ್ತ ಜಾಗವನ್ನು ಬೆಂಗಳೂರಿನವರಿಗೆ ತೋರಿಸಬೇಕಿತ್ತು.

ಜಾಗವೆಂದರೆ ವೈನರಿಯ ನಾಲ್ಕನೇ ನಂಬರಿನ ಟ್ಯಾಂಕು. ಎರಡಾಳೆತ್ತರದ ಸ್ಟೀಲು, ಮೇಲೆ ದುಂಡನೆಯ ಬಾಯಿ, ಪಕ್ಕಕ್ಕೊಂದು ಏಣಿ. ಹೋದ ವರ್ಷ ಮಾರ್ಚಿನಲ್ಲಿ ವೈನು ಬಸಿದಾದ ಮೇಲೆ ಅದನ್ನು ತೊಳೆಯಲು ಅಪ್ಪ ಮುನಿರಾಮಪ್ಪ ಒಳಕ್ಕಿಳಿದ. ದ್ರಾಕ್ಷಿ ರಸ ಹುದುಗಿದ ಟ್ಯಾಂಕಿನ ತಳದಲ್ಲಿ ಗ್ಯಾಸು ನಿಂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಸಿರು ಕಟ್ಟಿಸುತ್ತದೆ. ಅವನ ಸೊಂಟಕ್ಕೆ ಹಗ್ಗವಿರಲಿಲ್ಲ. ಗಾಳಿ ಹೊಡೆಯುವ ಫ್ಯಾನು ಕೆಟ್ಟು ತಿಂಗಳಾಗಿತ್ತು. ಪೊಲೀಸರು ಬಂದಾಗ ಮಾಲೀಕ ಅನಿಲ್‌ಕುಮಾರ್ ಹಗ್ಗದ ಮಾತಾಡಲಿಲ್ಲ, ಫ್ಯಾನಿನ ಮಾತಾಡಲಿಲ್ಲ. "ಕುಡಿದಿದ್ದ" ಅಂದ, ಅಷ್ಟೇ. ಅವರು ಅದನ್ನೇ ಬರೆದುಕೊಂಡು ಹೋದರು.

ಆ ಒಂದು ಪದ ನಂದೀಶನ ಎದೆಯಲ್ಲಿ ಒಂದೂವರೆ ವರ್ಷದಿಂದ ಉರಿಯುತ್ತಿತ್ತು. ಯಾಕೆಂದರೆ ಅಪ್ಪನ ಕುಡಿತ ಬಿಡಿಸಲು ಬೆಲೆ ಕೊಟ್ಟವನು ಅವನು. ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ದಿನಾ ಕುಡಿದು ಕಟ್ಟೆಯ ಮೇಲೆ ಬಿದ್ದಿರುತ್ತಿದ್ದ, ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ನಂದೀಶ ಅಪ್ಪನನ್ನು ಮುಳಬಾಗಿಲಿನ ಆಂಜನೇಯನ ಗುಡಿಗೆ ಎಳೆದುಕೊಂಡು ಹೋಗಿ, ಉರಿಯುವ ಕರ್ಪೂರದ ಮೇಲೆ ಅವನ ಕೈ ಹಿಡಿಸಿದ್ದ. "ನಾನು ಸ್ಕೂಲು ಬಿಟ್ಟು ಕೂಲಿಗೆ ಹೋಗ್ತೀನಿ. ನೀನು ಕುಡಿಯೋದು ಬಿಡು." ಮುನಿರಾಮಪ್ಪ ಗುಡಿಯ ಮುಂದೆ ಅತ್ತುಬಿಟ್ಟ. "ಬಿಟ್ಟೆ ಕಣೋ ನಾಯ್ನಾ, ನಿನ್ನಾಣೆ ಬಿಟ್ಟೆ." ಅಲ್ಲಿಂದ ಮುಂದಕ್ಕೆ ಅಪ್ಪನ ಬಾಯಲ್ಲಿ ಎಲೆ ಅಡಿಕೆ, ಲವಂಗ ಬಿಟ್ಟರೆ ಬೇರೆ ವಾಸನೆಯನ್ನು ನಂದೀಶ ಕಂಡಿರಲಿಲ್ಲ. ಓದು ಕೊಟ್ಟು ಕೊಂಡ ಅಪ್ಪ ಅವನು. ಅಂಥವನನ್ನು ಸತ್ತ ಮೇಲೆ ಕುಡುಕ ಮಾಡಿಬಿಟ್ಟರು.

ಅದಾದರೂ ಪೊಲೀಸರ ಕಾಗದದಲ್ಲಿತ್ತು, ಯಾರು ಓದುತ್ತಿದ್ದರು. ಇಟಲಿ ಬಂದು ಅದನ್ನೂ ಕೆಡಿಸಿತು.

ಅನಿಲ್‌ಕುಮಾರ್ ಹೆಂಡತಿಯ ಜೊತೆ ಇಟಲಿಯ ಬೊಲೊನ್ಯಾ ಅನ್ನೋ ಊರಿಗೆ ಹೋಗಿಬಂದಿದ್ದ. ಅಲ್ಲಿ ಒಬ್ಬಳು ಹೆಂಗಸು ಕೆಂಪು ಬಾವುಟ ಹಿಡಿದು ಹನ್ನೆರಡು ಜನರನ್ನು ಗಲ್ಲಿಗಲ್ಲಿ ಸುತ್ತಿಸಿದಳಂತೆ. ಒಂದು ಅಂಗಡಿಯಲ್ಲಿ ಚೀಸು, ಇನ್ನೊಂದರಲ್ಲಿ ಮಾಂಸದ ತೆಳು ಹೋಳು, ಮತ್ತೊಂದರಲ್ಲಿ ವೈನು, ನಿಂತಲ್ಲೆಲ್ಲ ಒಂದು ಕತೆ. ಮೂರನೇ ಅಂಗಡಿ ದಾಟುವಷ್ಟರಲ್ಲಿ ಅನಿಲ್‌ಕುಮಾರನಿಗೆ ತನ್ನ ದ್ರಾಕ್ಷಿ ತೋಟ ನೆನಪಾಯಿತಂತೆ. ಬಂದವನೇ ದೇವರಾಯಸಮುದ್ರದ ಹತ್ತಿರದ ತನ್ನ ವೈನರಿಯಲ್ಲಿ ಭಾನುವಾರದ ಟೂರು ಶುರು ಮಾಡಿದ. ಬೆಳಗ್ಗೆ ಮುಳಬಾಗಿಲಿನಲ್ಲಿ ದೋಸೆ, ಆಮೇಲೆ ಕೆರೆ ಏರಿಯ ಮೇಲೆ ನಡಿಗೆ, ದ್ರಾಕ್ಷಿ ಸಾಲು, ಟ್ಯಾಂಕ್ ರೂಮು, ಕೊನೆಗೆ ಕದಿರಮ್ಮನ ಕೈಯ ರಾಗಿ ಮುದ್ದೆ, ಕೋಳಿ ಸಾರು, ಅದರ ಜೊತೆ ಐದು ಬಗೆ ವೈನು. ಕದಿರಮ್ಮ ನಂದೀಶನ ಅಮ್ಮ. ಕೆಂಪು ಬಾವುಟ ನಂದೀಶನ ಕೈಗೆ ಬಂತು. ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನೆಲ್ಲ ಅವನು ಹದಿನೈದು ದಿನದಲ್ಲಿ ಬಾಯಿಪಾಠ ಮಾಡಿದ.

"ಲೇ ನಂದೀಶ, ನಾಕನೇ ಟ್ಯಾಂಕ್ ಹತ್ರ ನಿಮ್ಮಪ್ಪನ ಕತೆ ನೀನೇ ಹೇಳೋ" ಅಂದ ಅನಿಲ್‌ಕುಮಾರ್ ಒಂದು ದಿನ. "ನಾನು ಹೇಳಿದ್ರೆ ಬರೀ ಕತೆ. ನೀನು ಹೇಳಿದ್ರೆ ಕಣ್ಣೀರು."

ಕತೆ ಹೀಗಿತ್ತು: ನನ್ನ ತಂದೆಗೆ ಈ ವೈನೆಂದರೆ ಪ್ರಾಣ. ಒಂದು ದಿನ ಅದರೊಳಕ್ಕೇ ಹೋದರು, ಮತ್ತೆ ಬರಲಿಲ್ಲ. ಆಮೇಲೆ ಬಾಟಲಿ ಎತ್ತಿ ತೋರಿಸಬೇಕು. ವೈನಿನ ಹೆಸರು 'ಮುನಿ'. ಲೇಬಲ್ಲಿನ ಮೇಲೆ ಅಪ್ಪನ ಮೀಸೆ, ತಲೆಗೆ ಸುತ್ತಿದ ಟವಲ್ಲು. ಒಬ್ಬಳು ಹೆಂಗಸು ಕಣ್ಣೊರೆಸಿಕೊಂಡು, ಟ್ಯಾಂಕಿನ ಮುಂದೆ ಅವನನ್ನು ನಿಲ್ಲಿಸಿ ಸೆಲ್ಫಿ ತೆಗೆದುಕೊಂಡಳು. ಅವತ್ತು ನಂದೀಶ ನಕ್ಕ. ನಗುತ್ತಿರುವಾಗಲೇ ತೀರ್ಮಾನವಾಯಿತು.

ಮಾಲೀಕ ಹೇಗೆ ಸಾಯಬೇಕು ಅನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅನಿಲ್‌ಕುಮಾರ್ ಸತ್ತ ಮೇಲೆ ಜನ ಒಂದೇ ಮಾತು ಹೇಳಬೇಕು: ಕುಡಿದಿದ್ದ. ಬರೆಯುವವನು ಅದನ್ನೇ ಬರೆಯಬೇಕು.

ದಾರಿಯನ್ನು ಅನಿಲ್‌ಕುಮಾರನೇ ಹಾಕಿಕೊಟ್ಟಿದ್ದ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು. ವೈನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು, ಅವನು ಬಿಟ್ಟಿರಲಿಲ್ಲ. ಮುಳಬಾಗಿಲಿನಿಂದ ಅವನ ಮಾತ್ರೆ ತರುತ್ತಿದ್ದವನು ನಂದೀಶ. ಚೀಟಿಯಲ್ಲಿದ್ದ ಮಾತ್ರೆಯ ಹೆಸರನ್ನು ನಂದೀಶ ಅಕ್ಷರ ಅಕ್ಷರವಾಗಿ ಓದಿ ಕಲಿತಿದ್ದ. ಹೆಚ್ಚಾದರೆ ಏನಾಗುತ್ತದೆ ಎಂದು ಮೆಡಿಕಲ್ ಸ್ಟೋರಿನವನನ್ನು ಸುಮ್ಮನೆ ಎಂಬಂತೆ ವಿಚಾರಿಸಿದ್ದ. ನಾಲ್ಕು ತಿಂಗಳು ಸ್ವಲ್ಪ ಸ್ವಲ್ಪವೇ ಉಳಿಸಿದ. ನಾಳೆ ರಕ್ತ ಪರೀಕ್ಷೆ ಮಾಡಿದರೂ ಸಿಗುವುದು ಅವನದೇ ಮಾತ್ರೆ, ಅವನದೇ ವೈನು. ಹೊರಗಿನದೇನೂ ಇಲ್ಲ.

ಬಾಟಲಿಯೂ ಅವನದೇ. ಅನಿಲ್‌ಕುಮಾರನಿಗೆಂದೇ ತೆಗೆದಿಟ್ಟ ಸಿಹಿ ವೈನು ಅವನ ರೂಮಿನ ಗೂಡಿನಲ್ಲಿರುತ್ತಿತ್ತು. ಎಷ್ಟು ಕಹಿ ಬೆರೆತರೂ ಮುಚ್ಚಿಬಿಡುವಷ್ಟು ಸಿಹಿ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಅವನ ಹೆಂಡತಿಯೂ. ಅತಿಥಿಗಳು ಹೋದ ಮೇಲೆ ಅವನು ಒಳಗೆ ಹೋಗಿ ಎರಡು ಲೋಟ ಕುಡಿಯುತ್ತಿದ್ದ. ಎರಡೇ. ಬೊಲೊನ್ಯಾದಲ್ಲಿ ಮನೆಯ ಯಜಮಾನ ಕೊನೆಗೆ ಕುಡಿಯುತ್ತಾನಂತೆ. ಆಮೇಲೆ ಆರಾಮ ಕುರ್ಚಿಯಲ್ಲಿ ಐದರವರೆಗೆ ನಿದ್ದೆ.

ದಿನವನ್ನೂ ನಂದೀಶ ಯೋಚಿಸಿಯೇ ಆರಿಸಿದ. ಮಹಾಲಯ ಅಮಾವಾಸ್ಯೆ ಈ ಸಲ ಭಾನುವಾರ ಬಂದಿತ್ತು. ಬೆಂಗಳೂರಿನವರಿಗೆ ಅಮಾವಾಸ್ಯೆ ಏನು, ಹುಣ್ಣಿಮೆ ಏನು. ಆದರೆ ಕೆಲಸದವರೆಲ್ಲ ಸತ್ತ ಹಿರಿಯರಿಗೆ ಎಡೆ ಇಡಲು ಎರಡು ಗಂಟೆಗೇ ಮನೆಗೆ ಹೋಗುತ್ತಾರೆ. ಮೂರಕ್ಕೆ ಅತಿಥಿಗಳೂ ಹೊರಟರೆ ಐದರವರೆಗೆ ವೈನರಿಯಲ್ಲಿ ಒಬ್ಬ ನರಪಿಳ್ಳೆ ಇರುವುದಿಲ್ಲ. ಹೋದ ವರ್ಷ ಅಪ್ಪನಿಗೆ ಇನ್ನೂ ವರ್ಷ ತುಂಬಿರಲಿಲ್ಲವೆಂದು ಹಿರಿಯರ ಜೊತೆ ಸೇರಿಸಿರಲಿಲ್ಲ. ಅಪ್ಪನಿಗೆ ಇದು ಮೊದಲ ಎಡೆ. ಬಾಳೆ ಎಲೆಯ ಮೇಲೆ ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಅಮ್ಮ ಇಡುತ್ತಾಳೆ. ತಾನು ಇಡುವುದು ಇದೊಂದು, ಅಂದುಕೊಂಡ ನಂದೀಶ.

ಆ ಬೆಳಗ್ಗೆ ಅಮ್ಮ ಅಡುಗೆಮನೆಯಲ್ಲಿ ಕೋಳಿ ತೊಳೆಯುತ್ತಿದ್ದಾಗ, ಅನಿಲ್‌ಕುಮಾರ್ ಸ್ನಾನಕ್ಕೆ ಹೋಗಿದ್ದಾಗ, ನಂದೀಶನ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಉಳಿಸಿದ ಮಾತ್ರೆಗಳೆಲ್ಲ ಗೂಡಿನ ಬಾಟಲಿಗೆ ಸೇರಿದವು. ಅದೇ ವೈನಿನ ಇನ್ನೊಂದು ಬಾಟಲಿಯನ್ನು ಎರಡು ಲೋಟ ಕಡಿಮೆ ಮಾಡಿ, ಮಧ್ಯಾಹ್ನ ಬದಲಿಸಲು ಟ್ಯಾಂಕ್ ರೂಮಿನಲ್ಲಿ ಬಚ್ಚಿಟ್ಟ. ಆಮೇಲೆ ಬಾವುಟ ಹಿಡಿದು ಗೇಟಿಗೆ ಬಂದ.

"ಏನ್ಲಾ, ಅಮಾಸೆ ದಿನಾನೂ ಬಾವುಟ ಹಿಡ್ಕಂಡು ಹೊಂಟೆ" ಅಂದ ವಾಚ್‌ಮನ್ ಸೊಣ್ಣಪ್ಪ. "ನಿಮ್ಮಪ್ಪ ಬಂದು ಬಾಗ್ಲು ತಟ್ಟಿದ್ರೆ ಯಾರ್ಲಾ ತೆಗೀತಾರೆ?"

"ನಮ್ಮಪ್ಪ ಟೂರು ಮುಗಿಸ್ಕೊಂಡೇ ಬರ್ತಾನೆ ಬಿಡಣ್ಣ."

ಸೊಣ್ಣಪ್ಪ ಗೊಳ್ಳೆಂದು ನಕ್ಕ. "ನಾನಂತೂ ಎರಡು ಗಂಟೆಗೆ ಹೊಂಟೆ ಕಣಪ್ಪ. ಐದಕ್ಕೆ ಬರ್ತೀನಿ. ನಮ್ಮ ತಾತನಿಗೆ ತಡ ಆದ್ರೆ ಬಯ್ತಾನೆ, ಸತ್ರೂ ಬಾಯಿ ಕಮ್ಮಿ ಆಗಿಲ್ಲ."

ಹನ್ನೆರಡು ಜನ ದೋಸೆ ತಿಂದರು, ಕೆರೆ ಏರಿಯ ಮೇಲೆ ನಡೆದರು. ನಾಲ್ಕನೇ ಟ್ಯಾಂಕಿನ ಮುಂದೆ ನಂದೀಶ ಅಪ್ಪನ ಕತೆಯನ್ನು ಹಿಂದೆಂದೂ ಹೇಳದಷ್ಟು ಚೆನ್ನಾಗಿ ಹೇಳಿದ. ಅದು ಕೊನೆಯ ಸಲವೆಂದು ಅವನಿಗೆ ಗೊತ್ತಿತ್ತು. ಅನಿಲ್‌ಕುಮಾರ್ ಹಿಂದೆ ನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಎಂಥ ನಾಟಕ, ಅಂದುಕೊಂಡ ನಂದೀಶ.

ಊಟದ ಹೊತ್ತಿನಲ್ಲಿ ಒಂದೇ ಒಂದು ಸಣ್ಣ ಅಡ್ಡಿ ಬಂತು. ಅವನು ಅತಿಥಿಗಳಿಗೆ ನಾಲ್ಕನೇ ವೈನು ಬಗ್ಗಿಸುತ್ತಿದ್ದಾಗ, ದೂರದಲ್ಲಿ ಅಮ್ಮ ಅನಿಲ್‌ಕುಮಾರನ ರೂಮಿನ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಅನಿಲ್‌ಕುಮಾರ್ ಏನೋ ಹೇಳಿ ಒಳಗೆ ಹೋದ, ಬಂದು ಅವಳ ಸ್ಟೀಲ್ ಕ್ಯಾರಿಯರ್ ಕೈಗಿಟ್ಟ. ಅಮ್ಮ ಎರಡೂ ಕೈಯಲ್ಲಿ ಈಸಿಕೊಂಡು ತಲೆ ಬಗ್ಗಿಸಿದಳು. ಮಿಕ್ಕಿದ ಸಾರೋ, ಸ್ವೀಟೋ. ಗಂಡನನ್ನು ತಿಂದವನ ಎಂಜಲಿಗೆ ಕೈಮುಗಿಯುತ್ತಾಳಲ್ಲ ಎಂದು ನಂದೀಶನಿಗೆ ಮೈಯೆಲ್ಲ ಉರಿಯಿತು. ಮೇಜಿನ ಬಟ್ಟೆಯ ಮೇಲೆ ವೈನು ಚೆಲ್ಲಿತು. "ನೋ ಪ್ರಾಬ್ಲಮ್" ಅಂದರು ಅತಿಥಿಗಳು.

ಮೂರಕ್ಕೆ ವ್ಯಾನು ಹೊರಟಿತು. ನಾಲ್ಕೂಕಾಲಿಗೆ ನಂದೀಶ ರೂಮಿನ ಬಾಗಿಲು ತಳ್ಳಿದ.

ಅನಿಲ್‌ಕುಮಾರ್ ಕುರ್ಚಿಯಲ್ಲಿದ್ದ. ಬಾಯಿ ತೆರೆದಿತ್ತು. ಮೂಗಿನ ಹತ್ತಿರ ಕೈ ಹಿಡಿದು ನಂದೀಶ ನೂರರವರೆಗೆ ಎಣಿಸಿದ. ಖುಷಿಯಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಮುಂದಿನ ಕೆಲಸ ನೆನಪಿತ್ತು, ಅಷ್ಟೇ. ಲೋಟ ತೊಳೆದು ಒಳ್ಳೆಯ ವೈನಿನ ನಾಲ್ಕು ಹನಿ ಬಿಟ್ಟ. ವಿಷದ ಬಾಟಲಿ ತೆಗೆದು ಬೆಳಕಿಗೆ ಹಿಡಿದ. ಎರಡಲ್ಲ, ಮೂರು ಲೋಟದಷ್ಟು ಇಳಿದಿತ್ತು. ನನ್ಮಗ ಇವತ್ತು ಒಂದು ಲೋಟ ಜಾಸ್ತಿಯೇ ಇಳಿಸಿದ್ದಾನೆ, ಒಳ್ಳೆಯದೇ ಆಯಿತು ಅಂದುಕೊಂಡ. ಬದಲಿ ಬಾಟಲಿಯಿಂದಲೂ ಒಂದು ಲೋಟ ಚೆಲ್ಲಿ ಮಟ್ಟ ಸರಿಮಾಡಿ ಗೂಡಿನಲ್ಲಿಟ್ಟ. ವಿಷದ್ದನ್ನು ಮೋರಿಗೆ ಸುರಿದು, ಬಾಟಲಿ ತೊಳೆದು ಖಾಲಿ ಬಾಟಲಿಗಳ ರಾಶಿಗೆ ಸೇರಿಸಿದ.

ಐದಕ್ಕೆ ಸೊಣ್ಣಪ್ಪ ಬಂದ. ಕಾಫಿ ಕೊಡಲು ಹೋದವನು ನಂದೀಶ, ಕಿರುಚಿದವನು ಸೊಣ್ಣಪ್ಪ. ಇಬ್ಬರೂ ಸೇರಿ ಅನಿಲ್‌ಕುಮಾರನ ಜೀಪಿನಲ್ಲೇ ಅವನನ್ನು ಮುಳಬಾಗಿಲಿನ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ನಂದೀಶ ತಂದಿದ್ದ ಹೃದಯದ ಕಾಯಿಲೆಯ ಹಳೇ ಚೀಟಿಗಳನ್ನು ಓದಿದರು.

"ಏನಪ್ಪ, ಕುಡೀತಿದ್ರಾ?"

"ದಿನಾ ಸಾರ್."

"ಇವತ್ತು?"

"ಕುಡಿದಿದ್ರು ಸಾರ್."

ಪೆನ್ನು ಕಾಗದದ ಮೇಲೆ ಓಡುವುದನ್ನು ನಂದೀಶ ನೋಡುತ್ತ ನಿಂತ. ಅದೇ ಪದ. ಇಷ್ಟು ದಿನದ ಉರಿ ಆಗ ಸ್ವಲ್ಪ ತಣ್ಣಗಾಯಿತು. ಸೊಣ್ಣಪ್ಪನನ್ನು ಹೆಣದ ಹತ್ತಿರ ಬಿಟ್ಟು, ಎಡೆಗೆ ಮುಖ ತೋರಿಸಿ ಬರುತ್ತೇನೆಂದು ಜೀಪು ಹತ್ತಿ ಮನೆಗೆ ಬಂದ.

ಮನೆಯಲ್ಲಿ ಎಡೆ ಆಗಿಹೋಗಿತ್ತು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಮತ್ತೆ ತೆರೆದಾಗಿತ್ತು. ಅಪ್ಪನ ಫೋಟೋದ ಮುಂದೆ ಬಾಳೆ ಎಲೆ, ಮುದ್ದೆ, ಕೋಳಿ ಸಾರು, ಕಜ್ಜಾಯ, ಎಲೆ ಅಡಿಕೆ, ಒಂದು ಕಟ್ಟು ಬೀಡಿ, ತೊಳೆದು ಬೋರಲು ಹಾಕಿದ ಒಂದು ಹಿತ್ತಾಳೆ ಲೋಟ. ಅಮ್ಮ ಗೋಡೆಗೊರಗಿ ಕೂತಿದ್ದಳು. ಮುಖ ಬೂದಿಯಾಗಿತ್ತು. "ಬೆಳಗ್ಗಿಂದ ಉಪಾಸ ಅಲ್ವಾ, ತಲೆ ತಿರುಗ್ತದೆ ಕಣೋ" ಅಂದಳು. ಮಾತು ತೊದಲುತ್ತಿತ್ತು. ನಂದೀಶ ಮಜ್ಜಿಗೆ ಕುಡಿಸಿದ, ಕಕ್ಕಿದಳು. ಕೈ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು, ನಾಡಿ ಹುಡುಕಿದರೂ ಸಿಗದಷ್ಟು ನಿಧಾನ. ತಂಗಿ ಗಂಗಾಲಕ್ಷ್ಮಿಯ ತೊಡೆಯ ಮೇಲೆ ಅಮ್ಮನ ತಲೆಯಿಟ್ಟು ಅವನು ಅದೇ ಜೀಪನ್ನು ಅದೇ ದಾರಿಯಲ್ಲಿ ಓಡಿಸಿದ.

ಅದೇ ಡಾಕ್ಟರು. ನಾಡಿ ಹಿಡಿದವರು ತಲೆಯೆತ್ತಿ ನಂದೀಶನನ್ನು ಒಂದು ಕ್ಷಣ ನೋಡಿದರು. "ಏನು ತಿಂದ್ರು?" ಗಂಗಾಲಕ್ಷ್ಮಿ ಅಣ್ಣನ ಮುಖ ನೋಡಿದಳು, ಅಳು ಕಿತ್ತುಕೊಂಡು ಬಂತು. "ಅಣ್ಣನ ಮುಂದೆ ಹೇಳ್ಬೇಡ ಅಂತ ಅಮ್ಮ ಆಣೆ ಹಾಕ್ಸಿದ್ಲು ಸಾರ್. ತಿಂದಿದ್ದಲ್ಲ, ಕುಡಿದಿದ್ದು. ನಮ್ಮಪ್ಪ ದಿನಾ ಸಂಜೆ ಸಾಹುಕಾರ್ರ ರೂಮಲ್ಲಿ ಅವ್ರ ಜೊತೆ ಕೂತು ಒಂದು ಲೋಟ ವೈನು ಕುಡೀತಿದ್ದ, ಲವಂಗ ಅಗಿದು ಮನೆಗೆ ಬರ್ತಿದ್ದ. ಅಣ್ಣ ಸ್ಕೂಲು ಬಿಟ್ಟಿದ್ದು ದಂಡ ಆಯ್ತು ಅಂತ ಕೊರಗ್ತಾನೆ ಅಂತ ಅಮ್ಮ ಮುಚ್ಚಿಟ್ಟಿದ್ಲು. ಮೊದಲ ಎಡೆ, ಇಷ್ಟವಾದದ್ದು ಇಡದೆ ಹೆಂಗಿರೋದು ಅಂತ ಇವತ್ತು ಸಾಹುಕಾರ್ರನ್ನ ಕೇಳಿದ್ಲು. 'ಮುನಿರಾಮಪ್ಪನಿಗಲ್ವಾ, ನನ್ನ ಬಾಟಲೀದೇ ಇಡು ಕದಿರಮ್ಮ' ಅಂತ ಒಂದು ಲೋಟ ಕ್ಯಾರಿಯರಿಗೆ ಹುಯ್ದು ಕೊಟ್ರಂತೆ. ಎಡೆಗಿಟ್ಟಿದ್ದನ್ನ ಚೆಲ್ಲಬಾರ್ದು, ಅಣ್ಣನ ಕಣ್ಣಿಗೆ ಬೀಳ್ಬಾರ್ದು ಅಂತ, ಅವನು ಬರೋಕೆ ಮುಂಚೆ ಅವಳೇ ಕುಡಿದು ಲೋಟ ತೊಳೆದಿಟ್ಲು ಸಾರ್." ಬಾಗಿಲಲ್ಲಿ ಸೊಣ್ಣಪ್ಪ ನಗು ಮರೆತ ಮುಖದಲ್ಲಿ ನಿಂತಿದ್ದ. ಡಾಕ್ಟರು ಈಗ ನಂದೀಶನನ್ನೇ ನೋಡುತ್ತಿದ್ದರು. "ಆ ಬಾಟಲೀಲಿ ಏನಿತ್ತು? ಗೊತ್ತಾದ್ರೆ ಉಳಿಸ್ಬೋದು. ಗೊತ್ತಾಗ್ದಿದ್ರೆ ಅರ್ಧ ಗಂಟೆ." ಬೆಂಗಳೂರಿನವರು ಏನು ಕೇಳಿದರೂ ತಡವರಿಸದೆ ಉತ್ತರ ಕೊಟ್ಟು ಅಭ್ಯಾಸವಾಗಿದ್ದ ನಂದೀಶ, ಇಳಿದಿದ್ದ ಮೂರು ಲೋಟವನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮಾತ್ರೆಯ ಹೆಸರನ್ನು ಒಂದು ಅಕ್ಷರವೂ ತಪ್ಪದಂತೆ ಹೇಳಿದ. ಎಷ್ಟು ಎಂದು ಅವರು ಕೇಳುವ ಮುಂಚೆ ಎಷ್ಟೆಂಬುದನ್ನೂ ಹೇಳಿದ.