ಕಸದಲ್ಲಿ ಬಿದ್ದ ಹೆಸರುಗಳು

ಬಹಳ ಹಿಂದೆ ಹೊನ್ನಸರವೆಂಬ ರಾಜ್ಯದಲ್ಲಿ ಗುಡ್ಡವೊಂದು ಬಿರಿದು ಚಿನ್ನ ಕಂಡಿತು. ರಾಜನಿಗೆ ಸುದ್ದಿ ಮುಟ್ಟುವ ಮೊದಲೇ ಅಂಗಡಿಗಳು ಬಂದವು. ಮೊದಲ ವಾರ ಗುದ್ದಲಿ ಅಂಗಡಿ, ಎರಡನೆಯ ವಾರ ಕಂಬಳಿ ಅಂಗಡಿ, ಮೂರನೆಯ ವಾರ ಊಟದ ಹೋಟೆಲು. ಅಗೆದವರು ಗುಡಿಸಲಲ್ಲೇ ಉಳಿದರು. ಮಾರಿದವನು ಮೂರಂತಸ್ತಿನ ಮಾಳಿಗೆ ಕಟ್ಟಿಸಿದ. ಅವನು ಮೂರೂ ಅಂಗಡಿಗಳ ಒಡೆಯ, ಧೂಮಕನೆಂಬ ಮಂತ್ರವಾದಿ. ಗುದ್ದಲಿಯನ್ನು ಕರಡಿ ಮಾರುತ್ತಿತ್ತು, ಕಂಬಳಿಯನ್ನು ತೋಳ ಮಾರುತ್ತಿತ್ತು. ಹೋಟೆಲಿನಲ್ಲಿ ಮಾತ್ರ ಮನುಷ್ಯರು ಬಡಿಸುತ್ತಿದ್ದರು.

ಅಲ್ಲಿಗೆ ದುರುಗವ್ವ ಗಂಡನನ್ನು ಹುಡುಕಿಕೊಂಡು ಬಂದಳು. ಅವಳು ಜಾಲಗಾರ್ತಿ, ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನ ತೆಗೆಯುವುದು ಅವಳ ಕಸುಬು. ಗಂಡ ಹೋಟೆಲಿನಲ್ಲೇ ಸಿಕ್ಕ, ಕೈಯಲ್ಲಿ ಸಾರಿನ ಸೌಟು.

"ಏನು ಬಡಿಸಲಿ ತಾಯಿ? ಮುದ್ದೆಯೋ, ಅನ್ನವೋ?" ಎಂದ.

"ಕಟ್ಟಿಕೊಂಡವಳು ತಾಯಿಯಾದಳೇ? ನಾನು ಯಾರೆಂದು ಗೊತ್ತಾಗಲಿಲ್ಲವೇ?"

"ನಾನೇ ಯಾರೋ ಗೊತ್ತಿಲ್ಲ. ಒಂದು ತುತ್ತು ಉಂಡೆ, ಹೆಸರು ಉದುರಿಬಿತ್ತು. ಗುಡಿಸಿ ಮೂಲೆಗೆ ಹಾಕಿದರು. ಅಂದಿನಿಂದ ದುಡಿಯುತ್ತಿದ್ದೇನೆ. ಈ ಅಂಗಡಿಗಳಲ್ಲಿ ಏನೂ ಬಾಯಿಗೆ ಹಾಕಬೇಡ."

ಉದುರಿದ ಹೆಸರು ಎಲ್ಲಿಗೆ ಹೋಗುತ್ತದೆ? ಕಸಕ್ಕೆ. ದುರುಗವ್ವ ನೇರ ಧೂಮಕನ ಬಳಿ ಹೋದಳು.

"ಅಂಗಡಿ ಕಸ ಜಾಲಗಾರರದ್ದು, ಹಳೆಯ ಪದ್ಧತಿ. ಮೂರು ಅಂಗಡಿಯದ್ದೂ ಕೊಡು."

"ಪುಕ್ಕಟೆ ಗುಡಿಸುತ್ತೀಯಾ? ಗುಡಿಸು," ಎಂದು ಅವನು ನಕ್ಕ.

ಗುದ್ದಲಿ ಅಂಗಡಿಯಲ್ಲಿ ಕರಡಿ ಜೇನು ಕೊಟ್ಟಿತು. ಅವಳು ತಿನ್ನಲಿಲ್ಲ, ಗುಡಿಸಿದಳು. ಕಂಬಳಿ ಅಂಗಡಿಯಲ್ಲಿ ತೋಳ ಹಾಲು ಕೊಟ್ಟಿತು. ಕುಡಿಯಲಿಲ್ಲ, ಗುಡಿಸಿದಳು. ಹೋಟೆಲಿನಲ್ಲಿ ಧೂಮಕನೇ ಎಲೆ ಹಾಕಿ ಹೋಳಿಗೆ ಬಡಿಸಿದ. ಎರಡು ದಿನದ ಹಸಿವು ಅವಳಿಗೆ. ಆದರೂ ಮುಟ್ಟಲಿಲ್ಲ, ಗುಡಿಸಿದಳು.

ಹೊಳೆಗಿಳಿದು ಕಸವನ್ನು ಮರಿಗೆಯಲ್ಲಿ ಕುಲುಕಿದಳು. ಮೊದಲು ಹೊಟ್ಟು ಹೋಯಿತು. ಆಮೇಲೆ ಮಣ್ಣು ಹೋಯಿತು. ಮೂರನೆಯ ಸಲ, ಅಗೆದವರ ಮೈಯಿಂದ ಉದುರಿದ್ದ ಚಿನ್ನವೇ ತೇಲಿಹೋಯಿತು. ತಳದಲ್ಲಿ ಉಳಿದವು ಹೆಸರುಗಳು, ಜೋಳದ ಕಾಳಿನಷ್ಟು, ಚಿನ್ನಕ್ಕಿಂತ ಭಾರ. ಹಿಂದೆಯೇ ಬಂದಿದ್ದ ಧೂಮಕ ನೀರಿಗೆ ಹಾರಿ ಚಿನ್ನ ಬಾಚತೊಡಗಿದ. ಇಷ್ಟು ಕಾಲ ಯಾವುದನ್ನು ಪೊರಕೆಯಲ್ಲಿ ಗುಡಿಸಿಹಾಕಿದೆನೆಂದು ಆ ದಡ್ಡನಿಗೆ ಆಗಲೂ ತಿಳಿಯಲಿಲ್ಲ.

ಅವಳು ಕಾಳನ್ನು ಕಿವಿಗೆ ಹಿಡಿದು, ಕೇಳಿಸಿದ ಹೆಸರನ್ನು ಒಂದೊಂದಾಗಿ ಕರೆದಳು. ತಿಪ್ಪಣ್ಣ ಗುದ್ದಲಿ ಇಟ್ಟು ಬಂದ. ಮರಿಯವ್ವ ಒನಕೆ ಇಟ್ಟು ಬಂದಳು. ಬುಡೇನ್ ನೀರಿನ ಕೊಡ ಇಟ್ಟು ಬಂದ. ಎಲ್ಲರೂ ಬಂದರು. ಕಡೆಗೆ ಒಂದು ಕಾಳು ಉಳಿಯಿತು. ಅದು ಗಂಡನದು, ಅವಳು ಅಂಗೈಯಲ್ಲಿ ಮುಚ್ಚಿ ಹಿಡಿದಳು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ಹಿರಿಯರು ಕಲಿಸಿದ್ದರು.

"ಹೇಳು ನೋಡೋಣ, ನಾಲಗೆ ಬಿದ್ದುಹೋದೀತು," ಎಂದು ಧೂಮಕ ನೀರಿನಿಂದಲೇ ಹಂಗಿಸಿದ.

"ಬೀಳಲಿ. ಕೆಂಚಪ್ಪ, ಸೌಟು ಇಟ್ಟು ಬಾ."

ಕೆಂಚಪ್ಪ ಬಂದ. "ದುರುಗಿ, ಎಷ್ಟು ಸೊರಗಿದ್ದೀಯೇ," ಎಂದ.

"ಆಯುಸ್ಸೇನಾದರೂ ಕಡಿಮೆಯಾಯಿತೇ ನೋಡಿಕೊ."

"ಇಲ್ಲ. ಹಸಿವು ಮಾತ್ರ ಜಾಸ್ತಿಯಾಗಿದೆ."

ದುಡಿಯುವ ಕೈಗಳಿಲ್ಲದೆ ಮಾಳಿಗೆ ಅಂತಸ್ತಂತಸ್ತಾಗಿ ನೆಲಕ್ಕಿಳಿಯಿತು. ಕರಡಿ, ತೋಳ ಕಾಡು ಸೇರಿದವು. ಮಡಿಲ ತುಂಬ ಚಿನ್ನ ತುಂಬಿಕೊಂಡ ಧೂಮಕನನ್ನು ಹೊಳೆ ಹೊಟ್ಟಿನಂತೆ ತೇಲಿಸಿಕೊಂಡು ಹೋಯಿತು.

ಆ ಜಾಗದಲ್ಲಿ ಅವರೆಲ್ಲ ಸೇರಿ ಒಂದು ಚಪ್ಪರ ಹಾಕಿ ಒಲೆ ಹೂಡಿದರು. ಬೇಯಿಸಿದವರೂ ಬಡಿಸಿದವರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಹೊಟ್ಟೆ ತುಂಬ ಉಂಡು, ನೂರು ಕಾಲ ಸುಖವಾಗಿ ಬಾಳಿದರು.